ಏರಿಸುವ ಮೊದಲು ಒಂದು ಸಾಲು ನಕಲಿಸಿ ನೋಡಿ: ಕನ್ನಡ ದಾಖಲೆಗೆ ಯಾವ ಫಾರ್ಮ್ಯಾಟ್

ಕಳೆದ ಮಳೆಗಾಲದಲ್ಲಿ ಕುಮಟಾ ಕಡೆಯ ನಿವೃತ್ತ ಮಾಸ್ತರೊಬ್ಬರು ದೇವಿಮನೆ ಘಟ್ಟ ಹತ್ತಿ ಶಿರಸಿಯ ನನ್ನ ಅಂಗಡಿಗೆ ಬಂದಿದ್ದರು. ಕೊಡೆ ಮಡಚಿ ಬಾಗಿಲ ಹೊರಗಿಟ್ಟು, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ತಂದಿದ್ದ ಪೆನ್ ಡ್ರೈವ್ ತೆಗೆದು ಮೇಜಿನ ಮೇಲಿಟ್ಟರು. ತಮ್ಮೂರಿನ ಗಾದೆ, ಒಗಟು, ಗದ್ದೆಗಳ ಹೆಸರು ಎಲ್ಲ ಸೇರಿಸಿ ಅವರೇ ಮಾಡಿದ 64 ಪುಟದ ಪುಸ್ತಕ ಅದರಲ್ಲಿತ್ತು. ವರ್ಡ್ ಫೈಲನ್ನೇ, ಯಾರು ಬೇಕಾದರೂ ಬಳಸಬಹುದಾದ ಚಿತ್ರ, ದಾಖಲೆಗಳ ತಾಣವಾದ ವಿಕಿಮೀಡಿಯ ಕಾಮನ್ಸ್‌ಗೆ ಏರಿಸಲು ನೋಡಿದ್ದರು, ಅದು ಒಳಗೆ ಬಿಡಲಿಲ್ಲ. ಮಗನ ಹತ್ತಿರ ಪಿಡಿಎಫ್ ಮಾಡಿಸಿ ಏರಿಸಿದರು, ಹೋಯಿತು. ಆದರೆ ತಮ್ಮ ಪುಸ್ತಕದಲ್ಲೇ ತಮ್ಮೂರಿನ ಹೆಸರು ಹುಡುಕಿದರೆ ಸಿಗಲಿಲ್ಲ.

"ತಂಗೀ, ಕಣ್ಣಿಗೆ ಕಾಣ್ತದೆ, ಹುಡ್ಕಿದ್ರೆ ಸಿಕ್ಕುದಿಲ್ಲ. ಇದೆಂಥದು ನೋಡು" ಎಂದರು.

ಫೈಲು ತೆರೆಯುವ ಮೊದಲೇ ನನಗೆ ಗೊತ್ತಾಗಿತ್ತು. ನಾನು ಡಿಟಿಪಿ ಕೆಲಸ ಶುರುಮಾಡಿದ್ದು 2003ರಲ್ಲಿ. ಮದುವೆ ಕಾಗದ, ಸಹಕಾರಿ ಸಂಘಗಳ ವಾರ್ಷಿಕ ವರದಿ, ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂತೆಂದರೆ ನಾಟಕ, ಯಕ್ಷಗಾನದ ಹ್ಯಾಂಡ್‌ಬಿಲ್ಲು. ಎಲ್ಲವನ್ನೂ ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ, ಪುಟ ಜೋಡಿಸುವ ತಂತ್ರಾಂಶವಾದ ಪೇಜ್‌ಮೇಕರ್‌ನಲ್ಲಿ ಕಟ್ಟಿದ್ದು. ಪೇಜ್‌ಮೇಕರ್‌ನ ಕೊನೆಯ ದೊಡ್ಡ ಆವೃತ್ತಿ, 7.0, ಬಂದದ್ದು 2001ರಲ್ಲಿ. ನಂತರ ಆ ತಂತ್ರಾಂಶ ಮುಂದೆ ಬೆಳೆಯಲಿಲ್ಲ. ನನ್ನ ಹತ್ತಿರ ಹತ್ತಾರು ಸಿಡಿಗಳಲ್ಲಿ ಅಂಥ ಫೈಲುಗಳಿವೆ. ಅವುಗಳಲ್ಲಿ ಊರೂರಿನ ಲೆಕ್ಕ, ಹಾಡು, ವಂಶಾವಳಿ ಇದೆ. ಇವತ್ತು ಅವನ್ನು ತೆರೆಯಲು ಮೂಲೆಯಲ್ಲಿಟ್ಟ ಹಳೆ ಕಂಪ್ಯೂಟರೇ ಆಗಬೇಕು. ಆ ಕಂಪ್ಯೂಟರ್ ಪ್ರತಿ ಆಷಾಢ ದಾಟುವಾಗಲೂ ನನಗೆ ಎದೆ ಹೊಡೆದುಕೊಳ್ಳುತ್ತದೆ. ಹಾಗಾಗಿ ಈಗ ನಾಲ್ಕು ಜನ ಸೇರಿ ಕೆಲಸ ಮಾಡುವ ಯಾವುದೇ ತಾಣಕ್ಕೆ, ಅದು ಕಾಮನ್ಸ್ ಇರಲಿ, ಹಳೆ ಪುಸ್ತಕಗಳನ್ನು ಟೈಪ್ ಮಾಡಿ ಇಡುವ ವಿಕಿಸೋರ್ಸ್ ಇರಲಿ, ಸ್ಕ್ಯಾನ್ ಪುಸ್ತಕಗಳನ್ನು ಕಾಪಿಡುವ ಇಂಟರ್ನೆಟ್ ಆರ್ಕೈವ್ ಇರಲಿ, ಫೈಲು ಏರಿಸುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದನ್ನು ಜನ ನೋಡಬೇಕೋ, ತಿದ್ದಬೇಕೋ? ಇದರೊಳಗೆ ಇರುವುದು ಕನ್ನಡವೋ, ಕನ್ನಡದ ಚಿತ್ರವೋ?

ಎರಡನೆಯದರಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅದು ತಪ್ಪಿದರೆ ಉಳಿದ ಯಾವ ಆಯ್ಕೆಯೂ ಪ್ರಯೋಜನಕ್ಕೆ ಬರುವುದಿಲ್ಲ.

ನಕಲಿಸಿ ನೋಡುವ ಪರೀಕ್ಷೆ

ಪಿಡಿಎಫ್ ತೆರೆಯಿರಿ. ಒಂದು ಸಾಲನ್ನು ಆಯ್ಕೆ ಮಾಡಿ, ನಕಲಿಸಿ, ನೋಟ್‌ಪ್ಯಾಡಿನಲ್ಲೋ ವಾಟ್ಸ್ಆ್ಯಪ್‌ನಲ್ಲಿ ನಿಮಗೆ ನೀವೇ ಕಳಿಸುವ ಸಂದೇಶದಲ್ಲೋ ಅಂಟಿಸಿ. ಅರ್ಧ ನಿಮಿಷದ ಕೆಲಸ.

ಸಾಲು ಆಯ್ಕೆಯೇ ಆಗದಿದ್ದರೆ ಅದು ಪುಟದ ಫೋಟೋ, ಒಳಗೆ ಅಕ್ಷರವಿಲ್ಲ. ಅದು ತಪ್ಪೇನಲ್ಲ, ಹಳೆ ಪುಸ್ತಕ ಸ್ಕ್ಯಾನ್ ಮಾಡಿದಾಗ ಹಾಗೇ ಇರುತ್ತದೆ. ಆಮೇಲೆ ಒಸಿಆರ್ ಮಾಡಿ, ಅಂದರೆ ಚಿತ್ರದಲ್ಲಿನ ಅಕ್ಷರವನ್ನು ಕಂಪ್ಯೂಟರಿನಿಂದಲೇ ಓದಿಸಿ, ಅಕ್ಷರ ತುಂಬಬಹುದು.

ಮಾಸ್ತರ ಫೈಲಿನಲ್ಲಿ ಆದದ್ದು ಬೇರೆ. "ಕನ್ನಡ" ಎಂಬ ಶಬ್ದ ಅಂಟಿಸಿದರೆ ಇಂಗ್ಲಿಷಿನ ಪಿ ಬಂತು, ತಲೆಯ ಮೇಲೆ ಗೀರಿರುವ ಎ ಬಂತು, ಆಮೇಲೆ ಪೌಂಡಿನ ಚಿಹ್ನೆ. ಹಳೆಯ ಫಾಂಟುಗಳು ಕೆಲಸ ಮಾಡುತ್ತಿದ್ದುದೇ ಹೀಗೆ. ಆಗ ಕಂಪ್ಯೂಟರಿಗೆ ಕನ್ನಡ ಅಂದರೆ ಏನೆಂದು ಗೊತ್ತಿರಲಿಲ್ಲ. ಹಾಗಾಗಿ ತಲೆಕಟ್ಟಿಲ್ಲದ ಕ ಅಕ್ಷರದ ಆಕಾರವನ್ನು ಪಿಯ ಜಾಗದಲ್ಲಿ, ತಲೆಕಟ್ಟನ್ನು ಗೀರಿನ ಎ ಜಾಗದಲ್ಲಿ, ನ ಅಕ್ಷರದ ಆಕಾರವನ್ನು ಪೌಂಡಿನ ಜಾಗದಲ್ಲಿ ಕೂರಿಸಿದರು. ಆ ಫಾಂಟು ಇರುವಷ್ಟು ಹೊತ್ತು ಕಣ್ಣಿಗೆ ಕನ್ನಡ, ಫಾಂಟು ಹೋದರೆ ಕಸ. ಆ ಕಾಲಕ್ಕೆ ಅದು ದೊಡ್ಡ ಉಪಕಾರ. ಅದಿಲ್ಲದಿದ್ದರೆ ನನ್ನಂಥವರ ಅಂಗಡಿಯೇ ಇರುತ್ತಿರಲಿಲ್ಲ. ಆದರೆ ಲೋಕದ ಲಿಪಿಗಳಿಗೆ ಅಕ್ಷರಕ್ಕೊಂದು ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಮನೆ ಇರುವಾಗ ಈಗಲೂ ಬಾಡಿಗೆ ಜಾಗದಲ್ಲಿ ಕೂರಿಸಿ ಏರಿಸುವುದು ಸರಿಯಲ್ಲ.

ಪರಿಹಾರ ಕಷ್ಟದ್ದಲ್ಲ. ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳಲ್ಲಿ ಹಳೆಯ ಅಕ್ಷರವನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕ ಇದೆ. ಪಿಡಿಎಫ್‌ನಿಂದ ನಕಲಿಸಿ ಹಾಕಬೇಡಿ, ಮೂಲ ವರ್ಡ್ ಫೈಲಿನಿಂದಲೇ ಹಾಕಿ. ಬದಲಿಸಿದ ಮೇಲೆ ಮೂರು ಕಡೆ ಕಣ್ಣಿಡಿ. ಅರ್ಕಾವೊತ್ತು ಹಳೆಯ ಫಾಂಟಿನಲ್ಲಿ ಅಕ್ಷರದ ನಂತರ ಬರುತ್ತಿತ್ತು, ಯುನಿಕೋಡ್‌ನಲ್ಲಿ ರ ಮೊದಲು ಬರಬೇಕು. ಹಾಗಾಗಿ ಕರ್ಕಿ, ಧರ್ಮ, ಕಾರ್ಯದರ್ಶಿ ಎಂಬಂಥ ಶಬ್ದಗಳನ್ನು ಒಂದೊಂದಾಗಿ ಹುಡುಕಿ ನೋಡಿ. ನಡುವೆ ಇಂಗ್ಲಿಷ್ ಶಬ್ದಗಳಿದ್ದರೆ ಪರಿವರ್ತಕ ಅವನ್ನೂ ಹಳೆಯ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರ ಮಾಡುತ್ತದೆ. ಇದನ್ನು ತಪ್ಪಿಸಲು ವರ್ಡ್‌ನಲ್ಲಿ ಒಂದೇ ಬಗೆಯ ಫಾಂಟಿರುವ ಪಠ್ಯವನ್ನು ಮಾತ್ರ ಆಯ್ಕೆ ಮಾಡುವ ಸೌಲಭ್ಯ ಬಳಸಿ, ನುಡಿ ಫಾಂಟಿನ ಭಾಗವನ್ನಷ್ಟೇ ಬದಲಿಸಿ. ಮೂರನೆಯದು ಅಂಕಿಗಳು. ಇಸವಿ, ದುಡ್ಡು, ಸರ್ವೆ ನಂಬರು ಇದ್ದಲ್ಲಿ ಮೂಲದ ಜೊತೆ ಕೂತು ತಾಳೆ ನೋಡಿ. ಮಾಸ್ತರೂ ನಾನೂ ಎರಡು ಮಧ್ಯಾಹ್ನ ಕೂತು 64 ಪುಟ ಮುಗಿಸಿದೆವು. ಅವರು ಓದುವುದು, ನಾನು ತಿದ್ದುವುದು.

ಇನ್ನೊಂದು ಬಗೆ ಇದೆ, ಇದು ಅನೇಕರಿಗೆ ಗೊತ್ತಿಲ್ಲ. ಯುನಿಕೋಡ್‌ನಲ್ಲೇ ಟೈಪ್ ಮಾಡಿ ಪಿಡಿಎಫ್ ಮಾಡಿರುತ್ತೀರಿ, ನಕಲಿಸಿದರೆ ಕನ್ನಡವೇ ಬರುತ್ತದೆ, ಆದರೆ ಒತ್ತಕ್ಷರ ಒಂದು ಕಡೆ, ಸ್ವರಚಿಹ್ನೆ ಇನ್ನೊಂದು ಕಡೆ ಚೆಲ್ಲಾಪಿಲ್ಲಿ. ಕಾರಣ, ಪಿಡಿಎಫ್ ಮುಖ್ಯವಾಗಿ ಇಟ್ಟುಕೊಳ್ಳುವುದು ಶಬ್ದವನ್ನಲ್ಲ, ಯಾವ ಆಕಾರವನ್ನು ಪುಟದ ಯಾವ ಜಾಗದಲ್ಲಿ ಬರೆಯಬೇಕು ಎಂಬುದನ್ನು. ಇಂಗ್ಲಿಷಿನಲ್ಲಿ ಒಂದು ಅಕ್ಷರಕ್ಕೆ ಒಂದು ಆಕಾರ, ತಿರುಗಿ ಓದುವುದು ಸುಲಭ. ಕನ್ನಡದ "ಸ್ತ್ರೀ" ಮೂರು ವ್ಯಂಜನ, ಒಂದು ದೀರ್ಘ ಸೇರಿ ಆದದ್ದು. ಆಕಾರಗಳು ಬರೆದ ಕ್ರಮ ಬೇರೆ, ನಾವು ಉಚ್ಚರಿಸುವ ಕ್ರಮ ಬೇರೆ. ತಿರುಗಿ ಜೋಡಿಸುವಾಗ ಎಡವುತ್ತದೆ. ಆದ್ದರಿಂದ ಕನ್ನಡದ ಮಟ್ಟಿಗೆ ಪಿಡಿಎಫ್ ಒಂದನ್ನೇ ಇಟ್ಟುಕೊಂಡು ಮೂಲ ಫೈಲು ಅಳಿಸುವುದು ಎಂದರೆ ಅಡಿಕೆ ಮಾರಿ ತೋಟವನ್ನೂ ಮಾರಿದ ಹಾಗೆ. ಮೂಲ ಪಠ್ಯ ಯಾವತ್ತೂ ಕೈಯಲ್ಲಿರಬೇಕು.

ತಿದ್ದಬೇಕಾದದ್ದನ್ನು ಫೈಲು ಮಾಡಬೇಡಿ

ಕಾಮನ್ಸ್ ದಾಖಲೆಗಳ ಪೈಕಿ ಒಪ್ಪುವುದು ಪಿಡಿಎಫ್ ಮತ್ತು ಸ್ಕ್ಯಾನ್ ಪುಟಗಳಿಗೆಂದೇ ಇರುವ ಡೆಜಾವು (DjVu). ಚಿತ್ರಗಳಲ್ಲಿ ಜೆಪಿಜಿ, ಪಿಎನ್‌ಜಿ, ಟಿಫ್, ಎಸ್‌ವಿಜಿ, ಜಿಫ್, ವೆಬ್‌ಪಿ. ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್, ಜಿಪ್ ಯಾವುದೂ ನಡೆಯುವುದಿಲ್ಲ. ವರ್ಡ್‌ನಂಥದೇ ಉಚಿತ ತಂತ್ರಾಂಶ ಲಿಬ್ರೆಆಫೀಸ್‌ನ ಒಡಿಟಿ ಫೈಲೂ ಇಲ್ಲ. ಇಂಥ ಫೈಲುಗಳು ತಮ್ಮೊಳಗೆ ಬೇರೆ ಫೈಲುಗಳನ್ನು, ತಾನಾಗಿ ಓಡುವ ಮ್ಯಾಕ್ರೊಗಳನ್ನು ಹೊತ್ತು ತರಬಲ್ಲವು, ಲೋಕವೆಲ್ಲ ಇಳಿಸಿಕೊಳ್ಳುವ ಜಾಗದಲ್ಲಿ ಅದು ಅಪಾಯ.

ಆದರೆ ಅದಕ್ಕಿಂತ ಮುಂಚಿನ ಪ್ರಶ್ನೆ, ಫೈಲು ಬೇಕೇ ಎಂಬುದು. ನಿಮ್ಮೂರಿನ ಕೆರೆಗಳ ಬಗ್ಗೆ ಬರೆದಿದ್ದೀರಿ, ಪಕ್ಕದ ಸೀಮೆಯವರು ಅವರ ಕೆರೆ ಸೇರಿಸಬೇಕು ಎಂಬ ಆಸೆ ಇದೆ ಎಂದಾದರೆ ಅದು ಪುಟವಾಗಬೇಕು. ವಿಕಿ ಪುಟದೊಳಗೇ ಪಠ್ಯ ಅಂಟಿಸಿ. ಯಾರು ಯಾವ ಸಾಲು ಯಾವಾಗ ಬದಲಿಸಿದರು ಎಂಬುದು ಇತಿಹಾಸದಲ್ಲಿ ಉಳಿಯುತ್ತದೆ, ತಪ್ಪಾದರೆ ಹಿಂದಕ್ಕೆ ಹೋಗಬಹುದು. ಪಿಡಿಎಫ್‌ನಲ್ಲಿ ಒಂದು ದೀರ್ಘ ತಿದ್ದಬೇಕಾದರೂ ಮಾಡಿದವರನ್ನೇ ಹುಡುಕಿಕೊಂಡು ಹೋಗಬೇಕು. ನನ್ನ ಅನುಭವದಲ್ಲಿ, ಜನ ಏರಿಸಲು ತರುವ ಪಿಡಿಎಫ್‌ಗಳಲ್ಲಿ ಅರ್ಧದಷ್ಟು ಪುಟವಾಗಿ ಇರಬೇಕಾದವು.

ಇನ್ನೂ ಕರಡು ಹಂತದಲ್ಲಿದ್ದು ನಾಲ್ಕು ಜನ ಕೂಡಿ ಬರೆಯುವುದಾದರೆ ಗೂಗಲ್ ಡಾಕ್ಸ್‌ನಂಥ ಒಂದೇ ಜಾಗದಲ್ಲಿ ಬರೆಯಿರಿ. ಒಬ್ಬರಿಂದ ಒಬ್ಬರಿಗೆ ವಾಟ್ಸ್ಆ್ಯಪ್‌ನಲ್ಲಿ ಫೈಲು ತಿರುಗಿಸಬೇಡಿ. ಒಂದು ದೇವಸ್ಥಾನದ ಸ್ಮರಣ ಸಂಚಿಕೆಗೆ ಹಾಗೆ ತಿರುಗಿಸಿ, ಕೊನೆಗೆ "ಅಂತಿಮ" ಎಂಬ ಹೆಸರಿನ ಐದು ಫೈಲು ನನ್ನ ಮುಂದೆ ಬಂದವು. ಐದರಲ್ಲೂ ಬೇರೆ ಬೇರೆ ತಿದ್ದುಪಡಿ. ಕೂಡಿಸುವುದಕ್ಕೆ ಹನ್ನೊಂದು ದಿನ ಹಿಡಿಯಿತು.

ಮನೆಯಲ್ಲಿ ಇಟ್ಟುಕೊಳ್ಳುವ ಮೂಲಕ್ಕೆ ನಾನು ಒಡಿಟಿಯನ್ನು ಆರಿಸಿಕೊಂಡಿದ್ದೇನೆ. ಅದು 2006ರಲ್ಲಿ ಐಎಸ್‌ಒ ಸಂಸ್ಥೆಯ ಅಂತರರಾಷ್ಟ್ರೀಯ ಮಾನದಂಡವಾಯಿತು. ಈಗಿನ ವರ್ಡ್ ಫೈಲಿನ ರೂಪವೂ 2008ರಲ್ಲಿ ಆಯಿತು, ಹಾಗಾಗಿ ಅದನ್ನು ಇಟ್ಟುಕೊಂಡರೂ ಚಿಂತೆಯಿಲ್ಲ. ಎರಡೂ ನಿಜವಾಗಿ ಜಿಪ್ ಕಟ್ಟುಗಳು. ಪ್ರತಿ ಮಾಡಿಕೊಂಡು ಹೆಸರಿನ ಕೊನೆಗೆ ಜಿಪ್ ಎಂದು ಹಾಕಿ ಬಿಚ್ಚಿದರೆ ಒಳಗೆ ಎಕ್ಸ್‌ಎಂಎಲ್ ಕಡತ ಇರುತ್ತದೆ, ಅದರಲ್ಲಿ ನಿಮ್ಮ ಕನ್ನಡ ನೇರವಾಗಿ ಓದಲು ಸಿಗುತ್ತದೆ. ನಾಳೆ ಆ ತಂತ್ರಾಂಶವೇ ಇಲ್ಲವಾದರೂ ಪಠ್ಯ ಉಳಿಯುತ್ತದೆ. ಮೊದಲ ಸಲ ಹಾಗೆ ಬಿಚ್ಚಿ ನೋಡಿದ ರಾತ್ರಿ ನನ್ನ ಪೇಜ್‌ಮೇಕರ್ ಸಿಡಿಗಳ ನೆನಪಾಗಿ ನಿದ್ದೆ ಬರಲಿಲ್ಲ.

ಲಿಬ್ರೆಆಫೀಸ್‌ನಿಂದ ಪಿಡಿಎಫ್ ತೆಗೆಯುವಾಗ ಪಿಡಿಎಫ್/ಎ ಎಂಬ ಆಯ್ಕೆಗೆ ಟಿಕ್ ಹಾಕಿ. ಪಿಡಿಎಫ್ ಹುಟ್ಟಿದ್ದು 1993ರಲ್ಲಿ, ಕಾಪಿಡುವುದಕ್ಕೆಂದೇ ಮಾಡಿದ ಈ ಎ ಬಗೆ 2005ರಲ್ಲಿ ಮಾನದಂಡವಾಯಿತು. ಇದರಲ್ಲಿ ಫಾಂಟು ಫೈಲಿನೊಳಗೇ ಇರಲೇಬೇಕು. ಎದುರಿನವರ ಮೊಬೈಲಿನಲ್ಲಿ ನಿಮ್ಮ ಫಾಂಟಿಲ್ಲದೆ ಚೌಕಗಳು ಕಾಣುವ ಕಾಟ ಅಲ್ಲಿಗೆ ಮುಗಿಯುತ್ತದೆ.

ಅಮ್ಮಮ್ಮನ ಪಟ್ಟಿ ಸ್ಕ್ಯಾನ್ ಮಾಡಿದ್ದು

ನಮ್ಮ ಅಮ್ಮಮ್ಮ ಮದುವೆ ಹಾಡು, ಆರತಿ ಹಾಡುಗಳನ್ನು ಬರೆದಿಟ್ಟ ಪಟ್ಟಿಯೊಂದಿದೆ, ಅಂದರೆ ನೋಟ್‌ಬುಕ್, 160 ಪುಟ. ಅಡಿಕೆ ಒಣಗಿಸುವ ಅಟ್ಟದ ಪಕ್ಕದ ಪೆಟ್ಟಿಗೆಯಲ್ಲಿತ್ತು. ಹೊಗೆ ತಾಗಿದ್ದರಿಂದ ಹುಳ ಹಿಡಿಯಲಿಲ್ಲ, ಆದರೆ ಹಾಳೆಗಳೆಲ್ಲ ಕಂದು. ಹಾಡುತ್ತ ಕವಳ (ಎಲೆಯಡಿಕೆ) ಹಾಕುವ ಅಭ್ಯಾಸ ಅವಳಿಗೆ, ಅಲ್ಲಲ್ಲಿ ಕೆಂಪು ಕಲೆ.

ಇದನ್ನು ನಾನು ಮೊದಲ ಸಲ ಕಪ್ಪು ಬಿಳುಪಿನಲ್ಲಿ ಸ್ಕ್ಯಾನ್ ಮಾಡಿದೆ, ಫೈಲು ಚಿಕ್ಕದಾಗಲಿ ಎಂದು. ಕವಳದ ಕಲೆ ಇದ್ದಲ್ಲೆಲ್ಲ ಕಪ್ಪು ಮುದ್ದೆಯಾಗಿ ಅಕ್ಷರವನ್ನು ನುಂಗಿಬಿಟ್ಟಿತು. ಬಣ್ಣದಲ್ಲಿ ಮಾಡಿದಾಗ ಕೆಂಪು ಕಲೆಯ ಕೆಳಗೆ ನೀಲಿ ಶಾಯಿ ಬೇರೆಯಾಗಿ ಕಂಡಿತು. ಕಲೆ, ಮಾಸಿದ ಶಾಯಿ, ಕೈಬರಹ ಇರುವಲ್ಲಿ ಬಣ್ಣವೇ ಬೇಕು. ಶುಭ್ರವಾಗಿ ಅಚ್ಚಾದ ಪುಸ್ತಕಕ್ಕೆ ಗ್ರೇಸ್ಕೇಲ್ ಸಾಕು.

ಲೆಕ್ಕ ಹೀಗಿದೆ. ಎ4 ಹಾಳೆಯನ್ನು 300 ಡಿಪಿಐಯಲ್ಲಿ, ಅಂದರೆ ಅಂಗುಲಕ್ಕೆ 300 ಚುಕ್ಕಿಯಂತೆ, ಸ್ಕ್ಯಾನ್ ಮಾಡಿದರೆ 2480 ಅಗಲ, 3508 ಎತ್ತರ, ಒಟ್ಟು ಸುಮಾರು 87 ಲಕ್ಷ ಚುಕ್ಕಿ. ಬಣ್ಣದಲ್ಲಿ ಕುಗ್ಗಿಸದೆ ಇಟ್ಟರೆ ಒಂದು ಪುಟಕ್ಕೆ 26 ಎಂಬಿ. ಗ್ರೇಸ್ಕೇಲ್‌ನಲ್ಲಿ 8.7 ಎಂಬಿ, ಬರೀ ಕಪ್ಪು ಬಿಳುಪಿನಲ್ಲಿ 1.1 ಎಂಬಿ. 160 ಪುಟಕ್ಕೆ ಬಣ್ಣದಲ್ಲಿ ನಾಲ್ಕು ಜಿಬಿ ದಾಟುತ್ತದೆ. ಅದನ್ನು ನಾನು ಏನೂ ಕಳೆದುಕೊಳ್ಳದ ಟಿಫ್ ರೂಪದಲ್ಲಿ ಎರಡು ಹಾರ್ಡ್ ಡಿಸ್ಕಿನಲ್ಲಿ ಇಟ್ಟಿದ್ದೇನೆ, ಒಂದು ಶಿರಸಿಯಲ್ಲಿ, ಒಂದು ಕಾರವಾರದ ತಂಗಿಯ ಮನೆಯಲ್ಲಿ. ಏರಿಸುವ ಪ್ರತಿಗೆ 85ರಿಂದ 90ರ ಗುಣಮಟ್ಟದ ಜೆಪಿಜಿ ಮಾಡಿ ಪಿಡಿಎಫ್ ಕಟ್ಟಿದೆ. ಜೆಪಿಜಿ ಪ್ರತಿ ಸಲ ತಿದ್ದಿ ಉಳಿಸಿದಾಗಲೂ ಸ್ವಲ್ಪ ಸ್ವಲ್ಪ ಕಳೆದುಕೊಳ್ಳುತ್ತದೆ. ಆದ್ದರಿಂದ ಕತ್ತರಿಸುವುದು, ನೇರ ಮಾಡುವುದು ಎಲ್ಲ ಟಿಫ್‌ನಲ್ಲೇ ಮುಗಿಸಿ, ಜೆಪಿಜಿ ಕೊನೆಗೆ ಒಂದೇ ಸಲ.

300ಕ್ಕಿಂತ ಕೆಳಗೆ ಇಳಿಯಲೇಬೇಡಿ, ಸಣ್ಣಕ್ಷರದ ಪಂಚಾಂಗ, ಪ್ರಸಂಗದ ಪುಸ್ತಕವಾದರೆ 400ಕ್ಕೆ ಹೋಗಿ. ಇಂಗ್ಲಿಷ್ ಪುಸ್ತಕಕ್ಕೆ 200 ಸಾಕು ಎಂದು ಹೇಳುವವರಿದ್ದಾರೆ. ನಮ್ಮ ಲಿಪಿಯಲ್ಲಿ ದ ಮತ್ತು ಧ, ಪ ಮತ್ತು ಫ, ಡ ಮತ್ತು ಢ ಇವುಗಳ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಸೀಳು. ರ ಮತ್ತು ಠ ನಡುವೆ ಒಂದು ಚುಕ್ಕಿ. ಚುಕ್ಕಿ ಕಡಿಮೆಯಾದರೆ ಮೊದಲು ಹೋಗುವುದು ಇವೇ, ಆಮೇಲೆ ಒತ್ತಕ್ಷರ. "ಧನ" "ದನ"ವಾದರೆ ಹಾಡಿನ ಅರ್ಥವೇ ಹೋಯಿತು.

ಸ್ಕ್ಯಾನರ್ ಇಲ್ಲದವರು ಮೊಬೈಲಿನಲ್ಲಿ ತೆಗೆಯಬಹುದು, ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ನೇರ ಮೇಲಿನಿಂದ. ಆದರೆ ನನಗೆ ಕಳಿಸುವಾಗ ವಾಟ್ಸ್ಆ್ಯಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ. ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿ. ಐಫೋನಿನಲ್ಲಿ ತೆಗೆದರೆ ಎಚ್‌ಇಐಸಿ ಎಂಬ ರೂಪ ಬರುತ್ತದೆ, ಕಾಮನ್ಸ್ ಅದನ್ನು ಒಪ್ಪುವುದಿಲ್ಲ, ಜೆಪಿಜಿಗೆ ಬದಲಿಸಬೇಕು. ಅಮ್ಮಮ್ಮನ ಹಾಡುಗಳನ್ನು ಆಯಿಯಿಂದ ಹಾಡಿಸಿ ರೆಕಾರ್ಡ್ ಮಾಡಿದ್ದೂ ಇದೆ. ಫೋನು ಕೊಡುವ ಎಂ4ಎ ರೂಪ ಕಾಮನ್ಸ್‌ನಲ್ಲಿ ನಡೆಯುವುದಿಲ್ಲ, ಮೂಲವನ್ನೇ ವೇವ್‌ನಲ್ಲಿ ಹಿಡಿದು, ಧ್ವನಿ ಕೆಡಿಸದೆ ಕುಗ್ಗಿಸುವ ಫ್ಲ್ಯಾಕ್ ಮಾಡಿ ಏರಿಸಿದೆ.

ಪಿಡಿಎಫ್ ಅಥವಾ ಡೆಜಾವು

ಓದುವವರಿಗೆ ಸುಲಭ ಬೇಕಾದರೆ ಪಿಡಿಎಫ್, ಅದರಲ್ಲಿ ಎರಡು ಮಾತಿಲ್ಲ. ಯಾವ ಮೊಬೈಲಿನಲ್ಲೂ ತೆರೆಯುತ್ತದೆ. ಡೆಜಾವು ತೆರೆಯಲು ಬೇರೆ ಆ್ಯಪ್ ಬೇಕು.

ಹಾಗಿದ್ದರೂ ವಿಕಿಸೋರ್ಸ್‌ನಲ್ಲಿ ಪುಟಪುಟವಾಗಿ ಟೈಪ್ ಮಾಡಿ ತಿದ್ದುವ ಅಚ್ಚಾದ ಪುಸ್ತಕಕ್ಕೆ ನಾನು ಡೆಜಾವುವನ್ನೇ ಹಿಡಿಯುತ್ತೇನೆ. 1990ರ ದಶಕದ ಕೊನೆಯಲ್ಲಿ ಅಮೆರಿಕದ ಎಟಿ ಆ್ಯಂಡ್ ಟಿ ಪ್ರಯೋಗಾಲಯದಲ್ಲಿ ಯಾನ್ ಲಕೂನ್, ಲಿಯೋನ್ ಬಾಟೂ ಮೊದಲಾದವರು ಸ್ಕ್ಯಾನ್ ಮಾಡಿದ ಪುಟಗಳಿಗೆಂದೇ ಇದನ್ನು ಮಾಡಿದರು. ಅಕ್ಷರದ ಪದರವನ್ನು ಒಂದು ರೀತಿಯಲ್ಲಿ, ಹಾಳೆಯ ಹಿನ್ನೆಲೆಯನ್ನು ಇನ್ನೊಂದು ರೀತಿಯಲ್ಲಿ ಕುಗ್ಗಿಸುತ್ತದೆ, ಹಾಗಾಗಿ ಅಕ್ಷರ ಚೂಪಾಗಿಯೇ ಉಳಿದು ಫೈಲು ಚಿಕ್ಕದಾಗುತ್ತದೆ. ಸೋಂದಾ ಕಡೆಯ ನಮ್ಮ ಮನೆಯಿಂದ ಮಳೆಗಾಲದಲ್ಲಿ ಏರಿಸುವಾಗ ಇದು ದೊಡ್ಡ ವಿಷಯ. ಗಾಳಿ ಬಂದು ಕರೆಂಟು ಹೋಗುವ ಮೊದಲು 18 ಎಂಬಿ ಹೋಗುತ್ತದೆ, 180 ಎಂಬಿ ಹೋಗುವುದಿಲ್ಲ.

ಒಂದು ಎಚ್ಚರಿಕೆ ಇದೆ. ಚಿಕ್ಕದು ಮಾಡುವ ಒಂದು ಉಪಾಯ ಎಂದರೆ ಪುಟದಲ್ಲಿ ಒಂದೇ ಥರ ಕಾಣುವ ಆಕಾರಗಳನ್ನು ಗುಂಪು ಮಾಡಿ, ಒಂದನ್ನೇ ಇಟ್ಟುಕೊಂಡು ಎಲ್ಲ ಕಡೆ ಅದನ್ನೇ ಬಳಸುವುದು. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬವರು ಸ್ಕ್ಯಾನ್ ಮಾಡುವ ಯಂತ್ರವೊಂದು ಕಾಗದದಲ್ಲಿನ 6 ಅನ್ನು 8 ಮಾಡುತ್ತಿದ್ದುದನ್ನು ಕಂಡುಹಿಡಿದರು. ಕಾರಣ ಇಂಥದೇ ಒಂದು ಕುಗ್ಗಿಸುವ ವಿಧಾನ, ಜೆಬಿಗ್2. ಪಿಡಿಎಫ್‌ನೊಳಗೂ ಅದನ್ನು ಬಳಸುತ್ತಾರೆ. ಡೆಜಾವುವಿನ ಜೆಬಿ2 ಅದರ ಸಂಬಂಧಿ. 6 ಮತ್ತು 8ಕ್ಕೇ ಹೀಗಾದರೆ ಪ ಮತ್ತು ಫ, ದ ಮತ್ತು ಧ ಗತಿ ಏನು? ಹಾಗಾಗಿ ಕನ್ನಡ ಪುಟಗಳಿಗೆ ನಷ್ಟವಿಲ್ಲದ (ಲಾಸ್‌ಲೆಸ್) ಆಯ್ಕೆಯನ್ನೇ ಇಟ್ಟುಕೊಳ್ಳಿ. ಫೈಲು ಸ್ವಲ್ಪ ದೊಡ್ಡದಾಗಲಿ. ಮಸುಕಾದ ಅಕ್ಷರವನ್ನು ಓದುಗ ಅನುಮಾನದಿಂದ ನೋಡುತ್ತಾನೆ, ಸ್ಪಷ್ಟವಾಗಿ ಕಾಣುವ ತಪ್ಪು ಅಕ್ಷರವನ್ನು ನಂಬಿಬಿಡುತ್ತಾನೆ.

ಡೆಜಾವು ಮಾಡುವುದು ಕಷ್ಟ ಎನಿಸಿದರೆ ಪಿಡಿಎಫ್ ಏರಿಸಿ, ವಿಕಿಸೋರ್ಸ್ ಎರಡನ್ನೂ ಒಪ್ಪುತ್ತದೆ. ಇಂಟರ್ನೆಟ್ ಆರ್ಕೈವ್‌ಗೆ ಪಿಡಿಎಫ್ ಕೊಟ್ಟರೆ ಅದು ತಾನೇ ಒಸಿಆರ್ ಮಾಡುತ್ತದೆ, ಆದರೆ ಭಾಷೆ ಎಂಬಲ್ಲಿ ಕನ್ನಡ ಎಂದು ತುಂಬಲು ಮರೆಯಬೇಡಿ. ಅಲ್ಲಿ ಮೊದಲು ಡೆಜಾವು ಕೂಡ ತಯಾರಾಗುತ್ತಿತ್ತು, 2016ರಿಂದ ನಿಲ್ಲಿಸಿದ್ದಾರೆ. ವಿಕಿಸೋರ್ಸ್ ಪುಟದಲ್ಲೇ ಒಸಿಆರ್ ಗುಂಡಿ ಇದೆ. ಅಚ್ಚಕ್ಷರಕ್ಕೆ ಅದು ಕೆಲಸ ಹಗುರ ಮಾಡುತ್ತದೆ, ಕೈಬರಹಕ್ಕೆ ನಂಬಿ ಕೂರಬೇಡಿ.

ಕೋಷ್ಟಕ ಇದ್ದರೆ ಸಿಎಸ್‌ವಿ

ಮಾಸ್ತರ ಪುಸ್ತಕದ ಕೊನೆಯಲ್ಲಿ ಗದ್ದೆಗಳ ಹೆಸರು, ಸರ್ವೆ ನಂಬರು ಇರುವ ದೊಡ್ಡ ಕೋಷ್ಟಕವಿತ್ತು. ಅದನ್ನು ಪಿಡಿಎಫ್‌ನಲ್ಲಿ ಮುಚ್ಚಿಟ್ಟರೆ ಯಾರೂ ವಿಂಗಡಿಸಲಾರರು, ಸೇರಿಸಲಾರರು. ಹಲವರು ಕೂಡಿ ಫೈಲು ತಿದ್ದುವ ಗಿಟ್‌ಹಬ್‌ನಂಥ ತಾಣದಲ್ಲಿ ಹುಡುಗರು ಕೂಡಿ ಬೆಳೆಸಬೇಕಾದರೆ ಸಿಎಸ್‌ವಿ, ಅಂದರೆ ಕಾಲಮ್ಮುಗಳ ನಡುವೆ ಅಲ್ಪವಿರಾಮ ಹಾಕಿ ಬರೆದ ಕೋಷ್ಟಕ, ಒಳ್ಳೆಯದು. ಬರೀ ಪಠ್ಯವಾದ್ದರಿಂದ ಯಾವ ಸಾಲು ಬದಲಾಯಿತು ಎಂದು ಸಾಲುಸಾಲಾಗಿ ತೋರಿಸುತ್ತದೆ.

ಎಕ್ಸೆಲ್‌ನಿಂದ ಉಳಿಸುವಾಗ ಒಂದಕ್ಕಿಂತ ಹೆಚ್ಚು ಬಗೆಯ ಸಿಎಸ್‌ವಿ ಕಾಣುತ್ತದೆ. ಯುಟಿಎಫ್-8 ಎಂದು ಹೆಸರಿನಲ್ಲಿರುವುದನ್ನೇ ಆರಿಸಿ. ಬೇರೆಯದನ್ನು ಆರಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ, ಮತ್ತೆ ಹಿಂದೆ ಬರುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಸರ್ವೆ ನಂಬರಿನದು. ಪಹಣಿಯಲ್ಲಿ 12/3 ಎಂದು ಇರುವುದನ್ನು ಟೈಪ್ ಮಾಡಿದ ಕೂಡಲೇ ಎಕ್ಸೆಲ್ ಅದನ್ನು ತಾರೀಖು ಮಾಡಿಬಿಡುತ್ತದೆ. 45/2 ತಾರೀಖಾಗಲು ಬರುವುದಿಲ್ಲ, ಹಾಗೇ ಉಳಿಯುತ್ತದೆ. ಹೀಗೆ ಕೆಲವು ಹಾಳು, ಕೆಲವು ಸರಿ ಇರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಟೈಪ್ ಮಾಡುವ ಮೊದಲೇ ಆ ಕಾಲಮ್ಮನ್ನು ಟೆಕ್ಸ್ಟ್ ಎಂದು ಹೊಂದಿಸಿ. ಮಾಸ್ತರ ಕೋಷ್ಟಕದಲ್ಲಿ 31 ಗದ್ದೆಗಳ ನಂಬರು ಹೀಗೆ ತಾರೀಖಾಗಿತ್ತು. ಪಹಣಿ ತರಿಸಿ ಒಂದೊಂದಾಗಿ ಸರಿಮಾಡಿದೆವು.

ಚಿತ್ರಗಳ ವಿಷಯ ಸ್ವಲ್ಪದರಲ್ಲಿ ಮುಗಿಯುತ್ತದೆ. ಫೋಟೋಗೆ ಜೆಪಿಜಿ. ಪರದೆಯ ಚಿತ್ರ, ಚೂಪು ಗೆರೆ ಇರುವುದಕ್ಕೆ ಪಿಎನ್‌ಜಿ. ಕೈಯಲ್ಲಿ ಬಿಡಿಸಬಹುದಾದ ನಕ್ಷೆ, ಕುಟುಂಬವೃಕ್ಷಕ್ಕೆ ಎಸ್‌ವಿಜಿ, ಏಕೆಂದರೆ ಅದರೊಳಗಿನ ಹೆಸರುಗಳು ಅಕ್ಷರವಾಗಿಯೇ ಉಳಿಯುತ್ತವೆ, ಇನ್ನೊಬ್ಬರು ತಿದ್ದಬಹುದು, ಕೊಂಕಣಿಗೆ ಬದಲಿಸಬಹುದು. ಆದರೆ ಕಾಮನ್ಸ್‌ನ ಸರ್ವರ್‌ನಲ್ಲಿ ಇರುವ ಫಾಂಟಿನಲ್ಲಿ ಮಾತ್ರ ಅದು ಕಾಣುತ್ತದೆ, ಅಲಂಕಾರದ ಫಾಂಟು ಬಳಸಬೇಡಿ.

ಏರಿಸುವ ಗುಂಡಿ ಒತ್ತುವ ಮೊದಲು

ಒಂದು ಸಂಘದವರು ಸದಸ್ಯರ ಪಟ್ಟಿ ಇದ್ದ ಹಳೆಯ ವರದಿಯನ್ನು ಏರಿಸಿದ್ದರು. ಫೋನ್ ನಂಬರುಗಳ ಮೇಲೆ ಕಪ್ಪು ಚೌಕ ಎಳೆದಿದ್ದರು. ನಾನು ಆ ಸಾಲು ನಕಲಿಸಿ ಅಂಟಿಸಿದೆ, ಎಲ್ಲ ನಂಬರೂ ಬಂದವು. ಪಿಡಿಎಫ್‌ನಲ್ಲಿ ಚೌಕ ಎಳೆಯುವುದು ಎಂದರೆ ಅಕ್ಷರದ ಮೇಲೆ ಕಾಗದ ಇಟ್ಟ ಹಾಗೆ, ಕೆಳಗಿನದು ಅಳಿಯುವುದಿಲ್ಲ. ಮೂಲ ಫೈಲಿನಲ್ಲೇ ಅಳಿಸಿ ಮತ್ತೆ ಪಿಡಿಎಫ್ ಮಾಡಿ. ವರ್ಡ್ ಫೈಲಿನಲ್ಲಿ ಹಳೆಯ ತಿದ್ದುಪಡಿ, ಟಿಪ್ಪಣಿ ಉಳಿದಿದೆಯೇ ನೋಡಿ. ಮೊಬೈಲ್ ಫೋಟೋದಲ್ಲಿ ನಿಮ್ಮ ಮನೆ ಇರುವ ಜಾಗದ ಗುರುತು ಸೇರಿರಬಹುದು, ಬೇಡವಾದರೆ ತೆಗೆದುಹಾಕಿ.

ಫೈಲಿಗೆ "ಸ್ಕ್ಯಾನ್ 0001" ಎಂದು ಹೆಸರಿಡಬೇಡಿ. ಕನ್ನಡದಲ್ಲೇ ಕೃತಿಯ ಹೆಸರು, ಊರು, ಇಸವಿ ಬರೆಯಬಹುದು. ಹಕ್ಕಿನ ವಿಷಯ ತಿಳಿದುಕೊಂಡೇ ಏರಿಸಿ. ನಮ್ಮ ದೇಶದಲ್ಲಿ ಲೇಖಕ ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಕಾಮನ್ಸ್ ಅಮೆರಿಕದ ಕಾನೂನನ್ನೂ ನೋಡುತ್ತದೆ. ಮನೆಯವರ ಕೃತಿಯಾದರೆ ವಾರಸುದಾರರೆಲ್ಲ ಒಪ್ಪಿ, ಹೆಸರು ಹೇಳಿ ಇದೇ ಷರತ್ತಿನಲ್ಲಿ ಹಂಚಬಹುದು ಎನ್ನುವ ಕ್ರಿಯೇಟಿವ್ ಕಾಮನ್ಸ್ ಬೈ-ಎಸ್‌ಎ 4.0 ಪರವಾನಗಿ ಕೊಡುವುದು ಸರಳ ದಾರಿ. ವ್ಯಾಪಾರಕ್ಕೆ ಬಳಸಬಾರದು ಎಂಬ ಷರತ್ತು ಇರುವ ಪರವಾನಗಿ ಅಲ್ಲಿ ನಡೆಯುವುದಿಲ್ಲ.

ನಮ್ಮ ಮಾವನವರ ತಂದೆ ಅಚ್ಚು ಹಾಕಿಸಿದ್ದ ಸಣ್ಣ ಯಕ್ಷಗಾನ ಪ್ರಸಂಗವೊಂದನ್ನು ಹೀಗೆಯೇ, ಮನೆಯವರೆಲ್ಲರ ಒಪ್ಪಿಗೆ ಪಡೆದು, ಡೆಜಾವು ಮಾಡಿ ಏರಿಸಿದ್ದೇನೆ. ವಿಕಿಸೋರ್ಸ್‌ನಲ್ಲಿ ಒಬ್ಬರು ತಿದ್ದಿದ ಪುಟ ಹಳದಿ, ಇನ್ನೊಬ್ಬರು ಪರಿಶೀಲಿಸಿದ್ದು ಹಸಿರು, ತೊಡಕಿರುವುದು ನೇರಳೆ. ಈಗ ಹೆಚ್ಚಿನ ಪುಟಗಳು ಹಸಿರು. 23ನೆಯದು ಮಾತ್ರ ನೇರಳೆ. ಹುಳ ತಿಂದ ತೂತಿನಲ್ಲಿ ಭಾಮಿನಿ ಷಟ್ಪದಿಯ ಎರಡು ಅಕ್ಷರ ಹೋಗಿವೆ, ಊಹೆಯಿಂದ ತುಂಬಲು ನನಗೆ ಮನಸ್ಸಿಲ್ಲ. ಹೊನ್ನಾವರ ಕಡೆ ಒಬ್ಬರ ಮನೆಯಲ್ಲಿ ಇನ್ನೊಂದು ಪ್ರತಿ ಇದೆಯೆಂದು ತಿಳಿದಿದೆ. ಮಳೆ ಬಿಟ್ಟ ಮೇಲೆ ಸ್ಕ್ಯಾನರ್ ಹೊತ್ತು ಘಟ್ಟ ಇಳಿಯುತ್ತೇನೆ. ಡೆಜಾವುವಿನಲ್ಲಿ ಆ ಒಂದು ಪುಟವನ್ನಷ್ಟೇ ತೆಗೆದು ಹೊಸದನ್ನು ಕೂರಿಸಿ, ಅದೇ ಹೆಸರಿನಡಿ ಹೊಸ ಆವೃತ್ತಿಯಾಗಿ ಏರಿಸಿದರೆ ಉಳಿದವರು ತಿದ್ದಿದ ಪುಟಗಳು ಇದ್ದಲ್ಲೇ ಇರುತ್ತವೆ.